ಗಡುವು ಅರ್ಜಿದಾರರಿಗೆ ಮಾತ್ರ

ಆಶ್ರಯ ಕೋರಿ ಕೆನಡಾಕ್ಕೆ ಬಂದವರ ಮೇಲ್ಮನವಿಯೂ ತಿರಸ್ಕೃತವಾದರೆ, ಫೆಡರಲ್ ಕೋರ್ಟ್‌ಗೆ ಅರ್ಜಿ ಹಾಕಲು ಅವರಿಗಿರುವುದು 15 ದಿನ. ಅಷ್ಟರಲ್ಲಿ ವಕೀಲರು ಸಿಗಬೇಕು, ದುಡ್ಡು ಹೊಂದಿಸಿಕೊಳ್ಳಬೇಕು, ಕಾಗದಪತ್ರ ಸಿದ್ಧವಾಗಬೇಕು. ಆ ಅರ್ಜಿಯನ್ನು ಕೋರ್ಟ್ ತಡಮಾಡದೆ ಇತ್ಯರ್ಥಪಡಿಸಬೇಕು ಎಂದು ದೇಶದ ವಲಸೆ ಕಾಯ್ದೆಯಲ್ಲಿದೆ. ಎಷ್ಟು ದಿನದೊಳಗೆ ಎಂಬುದು ಮಾತ್ರ ಇಲ್ಲ.

ಅರ್ಜಿ ಹಾಕಿದ ಮಾತ್ರಕ್ಕೆ ವಿಚಾರಣೆ ನಡೆಯುವುದಿಲ್ಲ. ಮೊದಲು ಕೋರ್ಟ್‌ನ ಅನುಮತಿ ಬೇಕು. ನ್ಯಾಯಾಧೀಶರು ಸಾಮಾನ್ಯವಾಗಿ ಕಡತ ಓದಿಯೇ ಇದನ್ನು ತೀರ್ಮಾನಿಸುತ್ತಾರೆ. ಅನುಮತಿ ಸಿಗದಿದ್ದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಸಿಕ್ಕರೆ 30 ದಿನ ಕಳೆದ ಮೇಲೆ, 90 ದಿನ ಮೀರದಂತೆ ವಿಚಾರಣೆ ನಡೆಯಬೇಕು. ಹೀಗಾಗಿ ಪ್ರಕರಣಗಳು ಕೊಳೆಯುವುದು ಹೆಚ್ಚಾಗಿ ಅನುಮತಿಯ ಹಂತದಲ್ಲಿ.

ವೀಸಾ ತಕರಾರುಗಳೂ ಸೇರಿ 2024ರಲ್ಲಿ ಈ ಕೋರ್ಟ್‌ಗೆ ಬಂದ ವಲಸೆ ಅರ್ಜಿಗಳು 24 ಸಾವಿರಕ್ಕೂ ಹೆಚ್ಚು. ಹೊರೆ ತಾಳಲಾರದೆ ಕೋರ್ಟ್ 2025ರ ಮೇ ತಿಂಗಳಲ್ಲಿ, ಅರ್ಜಿದಾರರು ಪೂರ್ಣ ದಾಖಲೆ ಸಲ್ಲಿಸುವ ಅವಧಿಯನ್ನು 30ರಿಂದ 75 ದಿನಕ್ಕೆ ಏರಿಸಿತು. ವಕೀಲರಿಗೆ ಇದರಿಂದ ಉಸಿರಾಡಲು ಅವಕಾಶವಾಯಿತು, ಸರದಿ ಮಾತ್ರ ಚಿಕ್ಕದಾಗಲಿಲ್ಲ.

ಗೆದ್ದರೂ ಮತ್ತೆ ಸರದಿ

ವಿಳಂಬದಿಂದ ನಿರಾಶ್ರಿತರಿಗೇ ಲಾಭ ಎಂಬ ವಾದವಿದೆ. ಪ್ರಕರಣ ಬಾಕಿಯಿರುವಾಗ ಹಲವರ ಗಡೀಪಾರಿಗೆ ತಡೆ ಇರುವುದು ನಿಜ. ಆದರೆ ಅದರ ಲಾಭ ಸಿಗುವುದು ಟೊಳ್ಳು ಪ್ರಕರಣದವರಿಗೆ. ನಿಜವಾದ ಭಯದಿಂದ ಓಡಿಬಂದವರಲ್ಲಿ ಹಲವರು ಹೆಂಡತಿ ಮಕ್ಕಳನ್ನು ಅಪಾಯದಲ್ಲೇ ಬಿಟ್ಟು ಬಂದಿರುತ್ತಾರೆ. ರಕ್ಷಣೆ ಮಂಜೂರಾಗದೆ ಅವರನ್ನು ಕರೆಸಿಕೊಳ್ಳುವ ದಾರಿ ತೆರೆಯುವುದಿಲ್ಲ. ಕೋರ್ಟ್ ನೋಡುವುದೂ ಬಹುಮಟ್ಟಿಗೆ ಹಳೆಯ ಕಡತವನ್ನೇ. ಈ ನಡುವೆ ತವರಿನಲ್ಲಿ ಪರಿಸ್ಥಿತಿ ಹದಗೆಟ್ಟಿದ್ದರೆ, ಅದಕ್ಕೆ ಸಾಮಾನ್ಯವಾಗಿ ಅಲ್ಲಿ ಜಾಗವಿಲ್ಲ. ಕೊನೆಗೆ ಗೆದ್ದರೂ ಆಶ್ರಯ ಕೈಗೆ ಬರುವುದಿಲ್ಲ. ಆಶ್ರಯದ ಕೋರಿಕೆಗಳನ್ನು ತೀರ್ಮಾನಿಸುವ ಮಂಡಳಿಗೇ ಪ್ರಕರಣ ಮರುಪರಿಶೀಲನೆಗೆ ಹಿಂದಿರುಗುತ್ತದೆ, ಕಾಯುವುದು ಮತ್ತೆ ಶುರುವಾಗುತ್ತದೆ.

ಸಿಂಗ್ ತೀರ್ಪಿನ ಪಾಠ

ಅರ್ಜಿದಾರರ ಅಹವಾಲನ್ನು ಖುದ್ದಾಗಿ ಕೇಳಬೇಕೆಂಬ ಹಕ್ಕು ಕೆನಡಾದಲ್ಲಿ ಗಟ್ಟಿಯಾದದ್ದು ಸಿಂಗ್ ಪ್ರಕರಣದಿಂದ. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಏಳು ಮಂದಿಯಲ್ಲಿ ಹೆಚ್ಚಿನವರು ಭಾರತದ ಸಿಖ್ಖರು. ಎಲ್ಲರ ಮಾತನ್ನೂ ಕೇಳುತ್ತ ಕುಳಿತರೆ ಆಡಳಿತಕ್ಕೆ ಹೊರೆಯಾಗುತ್ತದೆ ಎಂಬುದು ಸರ್ಕಾರದ ವಾದವಾಗಿತ್ತು. ನ್ಯಾಯಮೂರ್ತಿ ಬರ್ಥಾ ವಿಲ್ಸನ್ ಅದನ್ನು ಒಪ್ಪಲಿಲ್ಲ. ಇಂದಿನ ವಿಳಂಬಕ್ಕೂ ಹೊರೆ ನೆಪವಾಗಬಾರದು. ತೀರ್ಪು ಬಂದ 1985ರ ಏಪ್ರಿಲ್ 4ರ ನೆನಪಿಗೆ ಅಲ್ಲಿ ಇಂದಿಗೂ ನಿರಾಶ್ರಿತರ ಹಕ್ಕುಗಳ ದಿನ ಆಚರಿಸುತ್ತಾರೆ.

ಆದರೂ ತಡಮಾಡುವುದರಲ್ಲಿ ಸರ್ಕಾರಗಳು ಹಿಂದೆ ಬೀಳಲಿಲ್ಲ. 2002ರಲ್ಲಿ ಜಾರಿಯಾದ ಕಾಯ್ದೆಯಲ್ಲೇ ನಿರಾಶ್ರಿತರ ಮೇಲ್ಮನವಿ ವಿಭಾಗದ ಪ್ರಸ್ತಾಪವಿತ್ತು. ಅದು ಕೆಲಸ ಆರಂಭಿಸಿದ್ದು 2012ರ ಡಿಸೆಂಬರ್‌ನಲ್ಲಿ! ಅಲ್ಲಿಯವರೆಗೆ, ತಿರಸ್ಕೃತರಾದವರಿಗೆ ಉಳಿದಿದ್ದುದು ಅನುಮತಿ ಬೇಡುವ ಇದೇ ಫೆಡರಲ್ ಕೋರ್ಟ್.

ನ್ಯಾಯಾಧೀಶರ ಸಂಖ್ಯೆ ಹೆಚ್ಚಬೇಕು. ತಪ್ಪು ಎದ್ದು ಕಾಣುವ ಆದೇಶಗಳನ್ನು ಸರ್ಕಾರಿ ವಕೀಲರು ಕೊನೆಯವರೆಗೆ ಸಮರ್ಥಿಸದೆ ಮೊದಲೇ ಹಿಂದಕ್ಕೆ ಕಳಿಸಲು ಒಪ್ಪಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅನುಮತಿಯ ತೀರ್ಮಾನಕ್ಕೂ ಕಾಯ್ದೆಯಲ್ಲೇ ದಿನ ಗೊತ್ತುಪಡಿಸಬೇಕು. ಊರು ಬಿಟ್ಟು ಬಂದವರು 15 ದಿನದಲ್ಲಿ ಕಡ್ಡಾಯವಾಗಿ ಕೋರ್ಟ್ ತಲುಪಬೇಕು ಎನ್ನುವ ದೇಶ, ತನ್ನ ಕೋರ್ಟ್‌ಗೆ ನ್ಯಾಯಾಧೀಶರನ್ನೂ ಸಿಬ್ಬಂದಿಯನ್ನೂ ಒದಗಿಸಿ ತನಗೂ ಒಂದು ಗಡುವು ಹಾಕಿಕೊಳ್ಳಲಿ.