ಬೂದಿಬಟ್ಟಲಿಗಾಗಿ ತಡೆದ ವಿಮಾನ

ವಿಮಾನ ನಿಲ್ದಾಣದಲ್ಲಿ ಕುಳಿತಿದ್ದೀರಿ. 'ತಾಂತ್ರಿಕ ಕಾರಣದಿಂದ ವಿಳಂಬ' ಎನ್ನುತ್ತದೆ ಧ್ವನಿವರ್ಧಕ. ಎಂಜಿನ್ನೇ ಕೆಟ್ಟಿತೆಂದು ನೀವು ಗಾಬರಿಗೊಳ್ಳುವುದು ಸಹಜ. ಆದರೆ ಆ ಕಾರಣ ಶೌಚಾಲಯದ ಬಾಗಿಲಿನ ಬೂದಿಬಟ್ಟಲೂ ಆಗಿರಬಹುದು!

ಧೂಮಪಾನವೇ ನಿಷಿದ್ಧವಾದಲ್ಲಿ ಬೂದಿಬಟ್ಟಲೇಕೆ? ನಾನೂ ಮೊದಲು ನಕ್ಕವನೇ. ಧೂಮಪಾನಕ್ಕೆ ಅಡ್ಡಿಯಿಲ್ಲದಿದ್ದ ಕಾಲ. 1973ರ ಜುಲೈ 11. ರಿಯೋ ಡಿ ಜನೈರೋದಿಂದ ಬಂದ ವಾರಿಗ್ ಸಂಸ್ಥೆಯ ಬೋಯಿಂಗ್ 707 ಪ್ಯಾರಿಸ್ಸಿನ ಓರ್ಲಿ ನಿಲ್ದಾಣವನ್ನು ಸಮೀಪಿಸುತ್ತಿದ್ದಾಗ ಹಿಂಬದಿಯ ಶೌಚಾಲಯದಲ್ಲಿ ಬೆಂಕಿ ಹೊತ್ತಿತು. ಚಾಲಕರು ಸುಮಾರು 5 ಕಿಲೋಮೀಟರು ಮೊದಲೇ ಈರುಳ್ಳಿಯ ಹೊಲವೊಂದರಲ್ಲಿ ಇಳಿಸಿದರು. ಆದರೂ 134 ಜನರಲ್ಲಿ 123 ಮಂದಿ ಮಡಿದರು, ಬಹುಪಾಲು ಹೊಗೆಯಿಂದಲೇ. ಕಸದ ಡಬ್ಬಿಗೆ ಬಿದ್ದ ಸಿಗರೇಟಿನ ತುಂಡಿನ ಮೇಲೆ ಶಂಕೆ ಹೋಯಿತು. ಮರುವರ್ಷ ಅಮೆರಿಕದ ವಿಮಾನಯಾನ ಆಡಳಿತವು ಶೌಚಾಲಯಕ್ಕೆ ಬೂದಿಬಟ್ಟಲನ್ನು ಕಡ್ಡಾಯ ಮಾಡಿತು. ನಿಷೇಧ ಬಂದ ಮೇಲೂ ಅದು ಉಳಿದಿದೆ. ಕದ್ದು ಸೇದುವವನು ಇದ್ದೇ ಇರುತ್ತಾನೆ (ಶಾಲಾ ಮೇಷ್ಟರಿಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ); ಅವನ ತುಂಡು ಕಾಗದದ ರಾಶಿಗೆ ಬೀಳಬಾರದಷ್ಟೆ.

ಪ್ರತಿಯೊಂದು ವಿಮಾನ ಸಂಸ್ಥೆಗೂ 'ಕನಿಷ್ಠ ಸಲಕರಣೆಗಳ ಪಟ್ಟಿ' ಎಂಬುದುಂಟು. ನಮ್ಮಲ್ಲಿ ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ ಬೇಕು. ಏನು ಕೆಟ್ಟಿದ್ದರೂ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನ ಎಂಬುದೆಲ್ಲ ಅದರಲ್ಲಿದೆ: ಕೆಲವಕ್ಕೆ 3 ದಿನ, ಕೆಲವಕ್ಕೆ 10, ಕೆಲವಕ್ಕೆ 120. ಓದುವ ದೀಪವೊಂದು ಆರಿದರೆ ಸಾಮಾನ್ಯವಾಗಿ ಪ್ರಯಾಣ ನಿಲ್ಲದು. ಬೂದಿಬಟ್ಟಲಿಗಾದರೋ ಗಡುವು ಚಿಕ್ಕದು. ಅದು ಮೀರಿದರೆ ಹೊಸದನ್ನು ಕೂಡಿಸಲೇಬೇಕು. ಪೇಟೆಯಲ್ಲಿ ಕೊಂಡದ್ದು ಸಲ್ಲದು. ಪ್ರಮಾಣಪತ್ರ ಪಡೆದ ಭಾಗವೇ ಬರಬೇಕು, ಅಧಿಕೃತ ಎಂಜಿನಿಯರರು ಜೋಡಣೆಯನ್ನು ನೋಡಿ ಸಹಿ ಹಾಕಬೇಕು. ನೀವು ಎರಡನೆಯ ಲೋಟ ಕಾಫಿ ಕುಡಿಯುವುದು ಆ ಸಹಿಗಾಗಿ.