ಇಬ್ಬರಿಗೊಂದು ದ್ವೀಪ

1972ರ ಫೆಬ್ರುವರಿಯಲ್ಲಿ ಏರ್ ಸಿಲೋನ್‌ನ ಬಾಡಿಗೆ ವಿಮಾನವೊಂದು ಮಾಲ್ಡೀವ್ಸ್‌ನ ಹುಲುಲೆ ದ್ವೀಪದ ಪುಟ್ಟ ರನ್‌ವೇ ಮೇಲೆ ಬಂದಿಳಿಯಿತು. ಅದರಲ್ಲಿದ್ದವರು ಇಟಲಿಯ ಇಪ್ಪತ್ತಕ್ಕೂ ಹೆಚ್ಚು ಮಂದಿ. ಬಹುಪಾಲು ಪತ್ರಕರ್ತರು, ಛಾಯಾಗ್ರಾಹಕರು. ಅವರನ್ನು ಕರೆತಂದವನು ಜಾರ್ಜ್ ಕಾರ್ಬಿನ್ ಎಂಬ ಪ್ರವಾಸ ಏಜೆಂಟ್. ಯಾರೂ ಕಾಲಿಡದ ಕಡಲತೀರವನ್ನು ಹುಡುಕಿಕೊಂಡು ಹಿಂದಿನ ವರ್ಷ ಕೊಲಂಬೊಗೆ ಬಂದಿದ್ದ ಅವನಿಗೆ ಅಲ್ಲಿನ ಮಾಲ್ಡೀವ್ಸ್ ರಾಯಭಾರ ಕಚೇರಿಯ ಯುವಕ ಅಹ್ಮದ್ ನಸೀಮ್ ಸಿಕ್ಕಿದ್ದರು. ನಮ್ಮೂರಿಗೆ ಬಂದು ನೋಡಿ ಎಂದು ಕರೆದವರು ಅವರೇ. ಕಾರ್ಬಿನ್ ಸರಕಿನ ಹಡಗು ಹತ್ತಿ ರಾಜಧಾನಿ ಮಾಲೆಗೆ ಬಂದ, ನೋಡಿದ, ಮರುಳಾದ. ಮುಂದಿನ ಸಲ ಸ್ನೇಹಿತರ ದಂಡನ್ನೇ ಕಟ್ಟಿಕೊಂಡು ಬಂದ.

ಮಾಲೆಯಲ್ಲಿ ಆಗ ಪ್ರವಾಸಿಗರು ತಂಗಲು ಹೋಟೆಲ್ ಇರಲಿಲ್ಲ, ಬ್ಯಾಂಕೂ ಇರಲಿಲ್ಲ. ಆ ದೇಶದ ಮೊದಲ ಬ್ಯಾಂಕ್ ಶಾಖೆ ತೆರೆದದ್ದು 1974ರಲ್ಲಿ. ತೆರೆದದ್ದು ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ. ಬಂದ ಅತಿಥಿಗಳನ್ನು ಎಲ್ಲಿ ಮಲಗಿಸುವುದು ಎಂಬ ಪ್ರಶ್ನೆಯನ್ನು ನಸೀಮ್ ಮತ್ತು ಅವರ ಇಬ್ಬರು ಗೆಳೆಯರಾದ ಮೊಹಮದ್ ಉಮರ್ ಮಣಿಕು ಹಾಗೂ ಹುಸೇನ್ ಅಫೀಫ್ ಬಗೆಹರಿಸಿದ್ದು ಊರಿನ ಮನೆಗಳಲ್ಲೇ ಇಳಿಸಿಕೊಂಡು. ಇಟಲಿಯವರು ಈಜಿದರು, ಮೀನು ಹಿಡಿದರು, ಮರಳಿನ ಮೇಲೆ ಬಿದ್ದುಕೊಂಡರು, ಚಿತ್ರ ತೆಗೆದರು. ಹೊರಡುವಾಗ ಮತ್ತೆ ಬರುತ್ತೇವೆ ಎಂದರು. ಆ ಒಂದು ಮಾತನ್ನು ನಂಬಿ ಮೂವರೂ ಕೆಲಸಕ್ಕೆ ಇಳಿದರು.

ಮಾಲೆಯ ಪಕ್ಕದಲ್ಲೇ ವಿಹಾಮನಾಫುಷಿ ಎಂಬ ಜನವಸತಿಯಿಲ್ಲದ ದ್ವೀಪವಿತ್ತು. ಅಲ್ಲಿ ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು ಇಟ್ಟು 30 ಕೋಣೆ ಕಟ್ಟಿದರು. 1972ರ ಅಕ್ಟೋಬರ್ 3ರಂದು ಕುರುಂಬಾ ವಿಲೇಜ್ ತೆರೆಯಿತು. ಅದು ಮಾಲ್ಡೀವ್ಸ್‌ನ ಮೊದಲ ರೆಸಾರ್ಟ್. ಅದೇ ವರ್ಷ ಬಂಡೋಸ್ ದ್ವೀಪದಲ್ಲಿ ಎರಡನೆಯದೂ ಆಯಿತು. ಆ ವರ್ಷ ಇಡೀ ದೇಶಕ್ಕೆ ಬಂದ ಪ್ರವಾಸಿಗರು ಸಾವಿರದ ಆಸುಪಾಸು. 2024ರಲ್ಲಿ ಆ ಸಂಖ್ಯೆ 20 ಲಕ್ಷ ದಾಟಿತು.

ಇಂದು ಬೆಂಗಳೂರಿನ ದಂಪತಿಗಳು ಹೆಂಡತಿಯ ಮೂವತ್ತನೆಯದೋ ಗಂಡನ ನಲವತ್ತನೆಯದೋ ಹುಟ್ಟುಹಬ್ಬಕ್ಕೆ ಅಲ್ಲಿಗೆ ಹೋಗುವಾಗ ಕೊಳ್ಳುವುದು ಒಂದು ಕೋಣೆಯನ್ನಷ್ಟೇ ಅಲ್ಲ. ಮೆಟ್ಟಿಲಿಳಿದರೆ ಕಡಲು, ಕಣ್ಣು ಹಾಯಿಸಿದಷ್ಟೂ ಮತ್ತೊಬ್ಬ ಮನುಷ್ಯನಿಲ್ಲ, ಹಾಸಿಗೆಯ ಮೇಲೆ ಹೂವಿನಲ್ಲಿ ಬರೆದ ಹೆಸರು, ಸಂಜೆ ಮರಳದಿಬ್ಬದ ಮೇಲೆ ಇಬ್ಬರಿಗಾಗಿಯೇ ಹಾಸಿದ ಊಟದ ಮೇಜು. ಕೊಂಡದ್ದು ಏಕಾಂತವನ್ನು. ಈ ಏಕಾಂತ ಅಲ್ಲಿ ಹುಟ್ಟಿನಿಂದಲೇ ಬಂದದ್ದಲ್ಲ. ಮೀನು ಮಾರಾಟವಾಗದ ಸಂಕಟ, ಒಂದು ಸರ್ಕಾರಿ ನಿಯಮ, ಇನ್ನೆಲ್ಲೋ ದೂರದ ಕಡಲಲ್ಲಿ ಹುಟ್ಟಿದ ಒಂದು ಉಪಾಯ ಸೇರಿ ಅರ್ಧ ಶತಮಾನದಲ್ಲಿ ಅದನ್ನು ಕಟ್ಟಿದವು. ಕಟ್ಟುವಾಗ ಯಾರನ್ನು ಹೊರಗಿಡಲಾಯಿತು ಎಂಬುದೂ ಈ ಕಥೆಯ ಭಾಗವೇ.

ಮೊದಲು ಮೀನು. ಮಾಲ್ಡೀವ್ಸ್ ಹೊರಜಗತ್ತಿಗೆ ಗೊತ್ತಿಲ್ಲದ ನಾಡೇನೂ ಆಗಿರಲಿಲ್ಲ. ನಮ್ಮ ಹಿರಿಯರು ನಾಣ್ಯದಂತೆ ಎಣಿಸಿದ, ನಾವು ಚೌಕಾಬಾರದಲ್ಲಿ ಎಸೆದ ಕವಡೆಯ ದೊಡ್ಡ ಮೂಲಗಳಲ್ಲಿ ಆ ದ್ವೀಪಗಳೂ ಒಂದು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಅಲ್ಲಿ ಖಾಜಿಯಾಗಿದ್ದ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಜನರ ಬದುಕು ನಿಂತದ್ದು ಬೇಯಿಸಿ, ಹೊಗೆಯಾಡಿಸಿ, ಕಟ್ಟಿಗೆಯಷ್ಟು ಗಟ್ಟಿಯಾಗಿ ಒಣಗಿಸಿದ ಟ್ಯೂನಾ ಮೀನಿನ ಮೇಲೆ. ಕೊಳ್ಳುತ್ತಿದ್ದುದು ಹೆಚ್ಚಾಗಿ ಶ್ರೀಲಂಕಾ. 1970ರ ದಶಕದ ಆರಂಭದಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟಿಗೆ ಸಿಕ್ಕಿದ ಆ ದೇಶ ಆಮದಿಗೆ ಕತ್ತರಿ ಹಾಕಿತು. ಒಂದೇ ಗಿರಾಕಿಯನ್ನು ನಂಬಿದ್ದ ದೇಶ ದಿಕ್ಕೆಟ್ಟಿತು. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ವಿಶ್ವಸಂಸ್ಥೆಯ ತಜ್ಞರು ಬಂದು ನೋಡಿ ಇಲ್ಲಿ ಪ್ರವಾಸೋದ್ಯಮ ನಡೆಯುವುದಿಲ್ಲ ಎಂದು ಹೇಳಿ ಹೋಗಿದ್ದರು. ಕುಡಿಯುವ ನೀರಿಲ್ಲ, ತರಕಾರಿ ಬೆಳೆಯುವುದಿಲ್ಲ, ಕರೆಂಟಿಲ್ಲ. ತಜ್ಞರ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಆದರೆ ಇಟಲಿಯಿಂದ ಬಂದವರಿಗೆ ಬೇಕಾಗಿದ್ದುದು ಆ ಇಲ್ಲಗಳೇ.

ಈ ಮೊದಲ ಅತಿಥಿಗಳು ಪ್ರೇಮಿಗಳಾಗಿ ಬಂದವರಲ್ಲ ಎಂಬುದನ್ನು ಗಮನಿಸಬೇಕು. ಅವರು ಬಂದದ್ದು ನೀರಿಗಿಳಿಯಲು. ಹವಳದ ದಿಬ್ಬ, ಬಣ್ಣದ ಮೀನು, ಮಂಟಾ ರೇ ನೋಡಲು ಯುರೋಪಿನ ಡೈವಿಂಗ್ ಹುಚ್ಚಿನವರು ಮುಗಿಬಿದ್ದರು. ಉಪ್ಪು ಬೆರೆತ ಬಾವಿನೀರಿನ ಸ್ನಾನ, ಮೀನು-ಅನ್ನದ ಊಟ ಅವರಿಗೆ ಸಾಕಾಗಿತ್ತು. ಹೊರಗಿನ ಜಗತ್ತಿನೊಂದಿಗೆ ಮಾತಾಡಲು ಹ್ಯಾಮ್ ರೇಡಿಯೊ ಮತ್ತು ಮೋರ್ಸ್ ಸಂಕೇತವೇ ಗತಿ. 1981ರಲ್ಲಿ ಹುಲುಲೆಯ ರನ್‌ವೇ ಹಿಗ್ಗಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಾಯಿತು. ದೊಡ್ಡ ಜೆಟ್‌ಗಳು ಯುರೋಪಿನಿಂದ ನೇರವಾಗಿ ಬರತೊಡಗಿದ ಮೇಲೆ ಡೈವರ್‌ಗಳ ಬೆನ್ನಿಗೆ ಬಿಸಿಲಿಗೆ ಬರುವವರೂ ಬಂದರು.

ಇಷ್ಟರಲ್ಲಿ ಸರ್ಕಾರ ಹಿಡಿದ ಒಂದು ನೀತಿಯೇ ಮುಂದಿನದೆಲ್ಲಕ್ಕೂ ಅಡಿಪಾಯ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಅದೂ ಜನವಸತಿಯಿಲ್ಲದ ದ್ವೀಪದಲ್ಲಿ ಮಾತ್ರ. ದೇಶದಲ್ಲಿರುವ ಸುಮಾರು 1,200 ದ್ವೀಪಗಳ ಪೈಕಿ ಜನ ವಾಸಿಸುವುದು ಇನ್ನೂರರೊಳಗೆ. ಉಳಿದವು ಸರ್ಕಾರದ್ದು, ಅವನ್ನು ದೀರ್ಘಾವಧಿ ಗುತ್ತಿಗೆಗೆ ಕೊಟ್ಟರೆ ಬಾಡಿಗೆ ಬರುತ್ತದೆ. ಕಟ್ಟಡ ಮರದ ತಲೆಗಿಂತ ಎತ್ತರ ಹೋಗಬಾರದು, ದ್ವೀಪದ ನೆಲದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕಟ್ಟಬಾರದು ಎಂಬ ನಿಯಮಗಳೂ ಬಂದವು. ಈ ನಿಯಮಗಳಿಗೆ ನಾನು ಮನಸಾರೆ ಗೌರವ ಕೊಡುತ್ತೇನೆ. ಏಷ್ಯಾದ ಎಷ್ಟೋ ಕಡಲತೀರಗಳು ಸಿಮೆಂಟಿನ ಗೋಡೆಗಳಾದ ಅದೇ ದಶಕಗಳಲ್ಲಿ ಅಲ್ಲಿ ತೆಂಗು ತಲೆಯೆತ್ತಿ ನಿಂತಿದ್ದರೆ ಅದಕ್ಕೆ ಇವೇ ಕಾರಣ.

ಆದರೆ ಆ ನೀತಿಗೆ ಇನ್ನೊಂದು ಉದ್ದೇಶವೂ ಇತ್ತು. ಅದು ಇಸ್ಲಾಂ ಧರ್ಮವೇ ರಾಷ್ಟ್ರಧರ್ಮವಾದ ದೇಶ. ಜನರಿರುವ ದ್ವೀಪಗಳಲ್ಲಿ ಮದ್ಯ ನಿಷಿದ್ಧ, ಈಜುಡುಗೆಯಲ್ಲಿ ಓಡಾಡುವಂತಿಲ್ಲ. ರೆಸಾರ್ಟ್ ದ್ವೀಪಗಳಲ್ಲಿ ಎರಡಕ್ಕೂ ಅಡ್ಡಿಯಿಲ್ಲ. ಅತಿಥಿಗಳನ್ನು ಊರವರಿಂದ ಕಡಲಿನಷ್ಟು ದೂರ ಇಟ್ಟರೆ ಇಬ್ಬರಿಗೂ ಮುಜುಗರವಿಲ್ಲ ಎಂಬುದು ಲೆಕ್ಕ. ಹೀಗೆ, ಊರನ್ನು ಕಾಪಾಡಲು ಎಳೆದ ಗೆರೆ ಅತಿಥಿಗೆ ಏಕಾಂತವಾಗಿ ಒದಗಿತು. 

ಇನ್ನು ನೀರಿನ ಮೇಲಿನ ಮನೆ. ವಾಟರ್ ವಿಲ್ಲಾ ಎಂದೊಡನೆ ಕಣ್ಣಿಗೆ ಬರುವುದು ಮಾಲ್ಡೀವ್ಸೇ ಆದರೂ ಅದರ ತವರು ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾ. ಅಲ್ಲಿನ ರಾಯಾತೆಯಾ ದ್ವೀಪದಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಮೂವರು ಗೆಳೆಯರು ಹೋಟೆಲ್ ನಡೆಸುತ್ತಿದ್ದರು. ಹೋಟೆಲಿಗೆ ಹೇಳಿಕೊಳ್ಳುವಂಥ ಮರಳ ತೀರವೇ ಇರಲಿಲ್ಲ. ತೀರವಿಲ್ಲದಿದ್ದರೆ ಅತಿಥಿಯನ್ನೇ ನೀರಿನ ಮೇಲೆ ಮಲಗಿಸೋಣ ಎಂದು 1967ರಲ್ಲಿ ಕಂಬ ನಿಲ್ಲಿಸಿ, ಹುಲ್ಲಿನ ಮಾಡಿನ ಗುಡಿಸಲು ಕಟ್ಟಿದರು. ಮರಳಿಗೆ ಕೊರತೆಯೇ ಇಲ್ಲದ ಮಾಲ್ಡೀವ್ಸ್ ಆ ಉಪಾಯವನ್ನು ತೆಗೆದುಕೊಂಡದ್ದು ಬೇರೆ ಕಾರಣಕ್ಕೆ. ಅಲ್ಲಿ ಕೊರತೆಯಿದ್ದದ್ದು ನೆಲಕ್ಕೆ. ಕೆಲವು ನಿಮಿಷಗಳಲ್ಲಿ ಸುತ್ತಿ ಬರುವಷ್ಟು ಸಣ್ಣ ದ್ವೀಪ, ಅದರಲ್ಲೂ ಕಟ್ಟಲು ಬಿಟ್ಟದ್ದು ಒಂದು ತುಣುಕು. ದಂಡೆಯ ಆಳವಿಲ್ಲದ ನೀಲಿ ನೀರಿನ ಮೇಲೆ ಸೇತುವೆ ಚಾಚಿ, ಎರಡೂ ಬದಿ ಮನೆ ಪೋಣಿಸಿದರೆ ಕೋಣೆಗಳು ಹೆಚ್ಚುತ್ತವೆ. ಜೊತೆಗೆ, ಮುಂದೆ ಯಾರೂ ಹಾದುಹೋಗಲಾರದ ಮನೆ ಸಿಗುತ್ತದೆ. ಗಂಡ-ಹೆಂಡತಿಗೆ ಅದಕ್ಕಿಂತ ಹೆಚ್ಚಿನ ಮರೆ ಏನು ಬೇಕು?

ಡೈವರ್‌ಗಳ ದ್ವೀಪ ಜೋಡಿಗಳ ದ್ವೀಪವಾದದ್ದಕ್ಕೆ ಒಂದು ವರ್ಷ ಹೇಳು ಎಂದರೆ ನಾನು 1995 ಎನ್ನುತ್ತೇನೆ. ಆ ವರ್ಷ ಬಾ ಹವಳದ್ವೀಪ ಸಮೂಹದ ಕುನ್‌ಫುನಾದೂ ದ್ವೀಪದಲ್ಲಿ ಭಾರತೀಯ ಮೂಲದ ಸೋನು ಶಿವದಾಸಾನಿ ಮತ್ತು ಅವರ ಸ್ವೀಡಿಷ್ ಪತ್ನಿ ಇವಾ ಸೇರಿ ಸೊನೇವಾ ಫುಷಿ ತೆರೆದರು. ಚಪ್ಪಲಿ ಬೇಡ, ಸುದ್ದಿ ಬೇಡ ಎಂಬುದು ಅವರ ನಿಯಮ. ಅತಿಥಿಯ ಪಾದರಕ್ಷೆಯನ್ನು ಬಂದ ಕೂಡಲೇ ಚೀಲದಲ್ಲಿ ಹಾಕಿ ಎತ್ತಿಡುವ ಪದ್ಧತಿ ತಂದರು. ಅದೇ ವರ್ಷ ವಬ್ಬಿನ್‌ಫಾರು ದ್ವೀಪದಲ್ಲಿ ಸಿಂಗಪುರದ ಹೋ ಕ್ವಾನ್ ಪಿಂಗ್ ಮತ್ತು ಕ್ಲೇರ್ ಚಿಯಾಂಗ್ ದಂಪತಿಯ ಬನಿಯನ್ ಟ್ರೀ ಬಂತು. ಎರಡನ್ನೂ ಕಟ್ಟಿದ್ದು ದಂಪತಿಗಳೇ. ಇಬ್ಬರಿಗೆ ಏನು ಬೇಕೆಂದು ಅವರಿಗೆ ಗೊತ್ತಿತ್ತು ಎಂದು ನನಗನ್ನಿಸುತ್ತದೆ. ಚಿನ್ನದ ನಲ್ಲಿಯೂ ಬೇಡ, ಗೊಂಚಲು ದೀಪವೂ ಬೇಡ. ಬರಿಗಾಲು, ಹೊತ್ತುಗೊತ್ತಿನ ಹಂಗಿಲ್ಲದ ಊಟ, ಕರೆದಾಗ ಮಾತ್ರ ಬರುವ ಸೇವಕ. ಐಷಾರಾಮದ ಅರ್ಥವನ್ನೇ ಅವರು ಹೀಗೆ ಬದಲಿಸಿದರು.

ದೂರದ ಹವಳದ್ವೀಪಗಳಿಗೆ ಹೋಗಲು ದಾರಿ ಮಾಡಿದ್ದು ಸೀಪ್ಲೇನ್. 1990ರ ದಶಕದಲ್ಲಿ ಶುರುವಾದ ಈ ಸೇವೆಯಲ್ಲಿ ಹಾರುವುದು ಹೆಚ್ಚಾಗಿ ಟ್ವಿನ್ ಆಟರ್ ಎಂಬ, ಹದಿನೈದರ ಆಸುಪಾಸು ಸೀಟುಗಳ ವಿಮಾನಗಳು. ಚಕ್ರದ ಜಾಗದಲ್ಲಿ ತೇಲುಗಾಲು, ಚಾಲಕನ ಕಾಲಿಗೆ ಚಪ್ಪಲಿಯೂ ಇಲ್ಲ. ಹಗಲಲ್ಲಿ ಮಾತ್ರ ಹಾರಾಟ. ಸಂಜೆ ತಡವಾಗಿ ಮಾಲೆ ತಲುಪಿದವರು ರಾತ್ರಿ ಅಲ್ಲೇ ಕಳೆಯಬೇಕು. ಹುಟ್ಟುಹಬ್ಬದ ದಿನವನ್ನೇ ಗುರಿಯಾಗಿಟ್ಟು ಹೊರಡುವವರು ಇದನ್ನು ಮರೆಯಬಾರದು. ಕೋಣೆಯ ದರದ ಮೇಲೆ ಸೇರುವುದನ್ನೂ ಮರೆಯಬಾರದು: ಶೇ 10 ಸೇವಾ ಶುಲ್ಕ, 2025ರ ಜುಲೈನಿಂದ ಶೇ 17 ಪ್ರವಾಸೋದ್ಯಮ ತೆರಿಗೆ, ರೆಸಾರ್ಟ್‌ನಲ್ಲಾದರೆ ತಲೆಗೆ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ.

ಹನಿಮೂನ್ ಜಾಗಕ್ಕೆ ಹುಟ್ಟುಹಬ್ಬ ಹೇಗೆ ಬಂದು ಕೂತಿತು? ಮದುವೆ ಬದುಕಿನಲ್ಲಿ ಒಮ್ಮೆ. ಹುಟ್ಟುಹಬ್ಬ ಮನೆಯಲ್ಲಿ ವರ್ಷಕ್ಕೆರಡು. ಬುಕಿಂಗ್ ಮಾಡುವಾಗಲೇ ವಿಶೇಷ ದಿನವೇನಾದರೂ ಇದೆಯೇ ಎಂದು ಕೇಳುವ ರೆಸಾರ್ಟ್‌ಗಳಿಗೆ ಇದು ಚೆನ್ನಾಗಿ ಗೊತ್ತು. ನಮ್ಮವರ ಮಟ್ಟಿಗೆ ತಿರುವು ಕೊಟ್ಟದ್ದು ಕೋವಿಡ್. 2020ರ ಜುಲೈ 15ರಂದು, ಬಹುತೇಕ ದೇಶಗಳ ಬಾಗಿಲು ಮುಚ್ಚಿದ್ದಾಗ, ಮಾಲ್ಡೀವ್ಸ್ ಬಾಗಿಲು ತೆರೆಯಿತು. ಒಂದು ದ್ವೀಪಕ್ಕೆ ಒಂದು ರೆಸಾರ್ಟ್ ಎಂಬ ಹಳೆಯ ನೀತಿ ಸೋಂಕಿನ ಕಾಲಕ್ಕೆ ಹೇಳಿ ಮಾಡಿಸಿದಂತಿತ್ತು. ಮುಂಬೈಯ ಸಿನಿಮಾ ತಾರೆಯರು ಹೋದರು, ಅವರ ಚಿತ್ರಗಳು ಎಲ್ಲರ ಫೋನಿಗೆ ಬಂದವು. ಬೆಂಗಳೂರಿನಿಂದ ಎರಡು ಗಂಟೆ ಚಿಲ್ಲರೆಯ ಹಾರಾಟ; ಭಾರತೀಯರಿಗೆ ಇಳಿದ ಮೇಲೆ ಉಚಿತ ವೀಸಾ. 2021ರಲ್ಲಿ 2.9 ಲಕ್ಷ ಭಾರತೀಯರು ಹೋಗಿ ಬೇರೆಲ್ಲ ದೇಶದವರನ್ನೂ ಹಿಂದೆ ಹಾಕಿದರು. 2024ರ ಜನವರಿಯಲ್ಲಿ ಎರಡೂ ದೇಶಗಳ ನಡುವೆ ನಡೆದ ರಾಜಕೀಯ ಜಗಳದ ನಂತರ ಆ ವರ್ಷ ಸಂಖ್ಯೆ 1.3 ಲಕ್ಷಕ್ಕೆ ಇಳಿಯಿತು.

ಆ ನೀಲಿ ನೀರಿನ ಅಡಿಯಲ್ಲಿ ಏನಾಗುತ್ತಿದೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ದ್ವೀಪವೆಂದರೆ ಹವಳದ ಪುಡಿ. ಹವಳ ಬದುಕಿದ್ದರೆ ದ್ವೀಪಕ್ಕೆ ಮರಳು, ಅಲೆಗೆ ತಡೆ. 1998ರಲ್ಲಿ ಸಮುದ್ರದ ನೀರು ಬಿಸಿಯೇರಿ ಆಳವಿಲ್ಲದ ಕಡೆಯ ಹವಳ ಬಹುಪಾಲು ಬೆಳ್ಳಗಾಗಿ ಸತ್ತಿತು. ಚೇತರಿಸಿಕೊಳ್ಳುತ್ತಿದ್ದ ಹವಳಕ್ಕೆ 2016ರಲ್ಲಿ ಮತ್ತೆ ಪೆಟ್ಟು ಬಿತ್ತು. ದೇಶದ ನೆಲದ ಬಹುಭಾಗ ಸಮುದ್ರಮಟ್ಟದಿಂದ ಒಂದು ಮೀಟರೂ ಎತ್ತರವಿಲ್ಲ. 2004ರ ಡಿಸೆಂಬರ್ 26ರ ಸುನಾಮಿ ಅಲ್ಲಿ ನೂರರಷ್ಟು ಜೀವಗಳನ್ನು ಕೊಂಡೊಯ್ದಿತು. ಸಿಹಿನೀರಿಗಾಗಿ ಕಡಲ ನೀರಿನಿಂದ ಉಪ್ಪು ತೆಗೆಯುವ ಯಂತ್ರ, ಆ ಯಂತ್ರಕ್ಕೆ ಡೀಸೆಲ್ ಜನರೇಟರ್. ಅತಿಥಿಯ ತಟ್ಟೆಯ ಟೊಮೆಟೊದಿಂದ ಕೇಕಿನ ಮೈದಾವರೆಗೆ ಬಹುಪಾಲು ಎಲ್ಲವೂ ಹೊರಗಿನಿಂದ ಬರಬೇಕು. ಇಬ್ಬರ ಏಕಾಂತದ ಹಿಂದೆ ಕಣ್ಣಿಗೆ ಬೀಳದಂತೆ ದುಡಿಯುವ ನೂರಾರು ಜನರಿದ್ದಾರೆ. ಅವರಲ್ಲಿ ಬಾಂಗ್ಲಾದೇಶ, ಭಾರತ, ಶ್ರೀಲಂಕಾದವರು ಬಹಳ. ಮನೆ ಬಿಟ್ಟು ಬೇರೆ ದ್ವೀಪದಲ್ಲಿ ತಿಂಗಳುಗಟ್ಟಲೆ ಇರಬೇಕಾದ ಈ ಕೆಲಸದಲ್ಲಿ ಮಾಲ್ಡೀವ್ಸ್‌ನ ಹೆಣ್ಣುಮಕ್ಕಳು ತೀರಾ ಕಡಿಮೆ.

ಊರವರಿಗೂ ಅತಿಥಿಗಳಿಗೂ ನಡುವಿನ ಗೆರೆ ಸಡಿಲವಾದದ್ದು 2009ರ ನಂತರ. ಜನವಸತಿ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಸರ್ಕಾರ ಒಪ್ಪಿತು. ಮೀನುಗಾರರ ಮಾಫುಷಿ ಕೆಲವೇ ವರ್ಷಗಳಲ್ಲಿ ಗೆಸ್ಟ್‌ಹೌಸ್‌ಗಳ ಊರಾಯಿತು. ರೆಸಾರ್ಟ್‌ನ ಒಂದು ರಾತ್ರಿಯ ದುಡ್ಡಿನಲ್ಲಿ ಅಲ್ಲಿ ಹಲವು ದಿನ ಇರಬಹುದು. ಬೆಳಿಗ್ಗೆ ತೆಂಗಿನತುರಿ, ಈರುಳ್ಳಿ, ನಿಂಬೆ ಬೆರೆಸಿದ ಮೀನಿನ ಮಾಸ್ ಹುನಿಯನ್ನು ರೊಟ್ಟಿಯ ಜೊತೆ ಬಡಿಸುತ್ತಾರೆ. ದುಡ್ಡು ನೇರವಾಗಿ ಆ ಮನೆಗೆ ಹೋಗುತ್ತದೆ. ಅಲ್ಲಿ ಏಕಾಂತ ಕಡಿಮೆ, ನಿಜ. ಆದರೂ ಹುಟ್ಟುಹಬ್ಬದ ಕೆಲವು ದಿನಗಳಲ್ಲಿ ಎರಡನ್ನಾದರೂ ಇಂಥ ಮನೆಯಲ್ಲಿ ಕಳೆಯಿರಿ ಎಂದು ಹೋಗುವವರಿಗೆ ನಾನು ಹೇಳುತ್ತೇನೆ.

ಈ ಕಥೆ ಈಗ ನಮ್ಮ ಕರಾವಳಿಯ ಎದುರಿಗೇ ಬಂದು ನಿಂತಿದೆ. ಲಕ್ಷದ್ವೀಪದ ಸುಹೇಲಿ ಮತ್ತು ಕದ್ಮತ್‌ನಲ್ಲಿ ತಲಾ 110 ಕೋಣೆಗಳ ತಾಜ್ ರೆಸಾರ್ಟ್‌ಗಳನ್ನು 2023ರ ಜನವರಿಯಲ್ಲಿ ಘೋಷಿಸಲಾಯಿತು. ಎರಡರ ಯೋಜನೆಯಲ್ಲೂ ವಾಟರ್ ವಿಲ್ಲಾಗಳಿದ್ದವು. ಸುಹೇಲಿಯಲ್ಲಿ ಕಾಯಂ ಜನವಸತಿಯಿಲ್ಲ. ಕದ್ಮತ್ ಹಾಗಲ್ಲ. ಅಮಿನಿ, ಕಿಲ್ತಾನ್, ಚೆತ್ಲಾತ್‌ಗಳ ಜೊತೆ ಅದು ಒಮ್ಮೆ ಟಿಪ್ಪುವಿನ ಆಳ್ವಿಕೆಗೆ ಸೇರಿತ್ತು. 1799ರ ನಂತರ ಬ್ರಿಟಿಷರ ಕೈಗೆ ಹೋಗಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದಲೇ ಆಡಳಿತ ನಡೆಯುತ್ತಿತ್ತು. ದ್ವೀಪದವರು ತೆಂಗಿನ ನಾರನ್ನು ಮಂಗಳೂರಿಗೆ ತಂದು ಕೊಟ್ಟು ಅಕ್ಕಿ ಒಯ್ಯುತ್ತಿದ್ದರು.

ಲಕ್ಷದ್ವೀಪದಲ್ಲಿ ಎಷ್ಟು ಕಟ್ಟಬಹುದು ಎಂಬ ಪ್ರಶ್ನೆ 2012ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಾಗ ನ್ಯಾಯಾಲಯ ನೇಮಿಸಿದ ತಜ್ಞರ ಸಮಿತಿಯ ಮುಖ್ಯಸ್ಥರು ಕರ್ನಾಟಕ ಹೈಕೋರ್ಟ್‌ನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ದ್ವೀಪ ಎಷ್ಟು ಭಾರ ತಾಳೀತು, ಹವಳಕ್ಕೆ ಏನಾದೀತು ಎಂಬುದನ್ನು ಮೊದಲು ನೋಡಿ, ದ್ವೀಪಕ್ಕೊಂದು ಯೋಜನೆಯಂತೆ ಮುಂದುವರಿಯಬೇಕು ಎಂಬುದು ಆ ಸಮಿತಿಯ ಕೆಲಸದ ಸಾರ. ಕದ್ಮತ್‌ನ ವಿಸ್ತೀರ್ಣ ಮೂರು ಚದರ ಕಿಲೋಮೀಟರ್ ಚಿಲ್ಲರೆ. 2011ರ ಜನಗಣತಿಯಂತೆ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ. ಯಾರೂ ಇಲ್ಲದ ದ್ವೀಪವೊಂದನ್ನು ಅಲ್ಲಿ ಯಾರಿಗೂ ಮಾರಲು ಬರುವುದಿಲ್ಲ. ಮಾಲ್ಡೀವ್ಸ್ ತನ್ನ ಮೊದಲ ರೆಸಾರ್ಟ್ ತೆರೆದು 37 ವರ್ಷ ಕಳೆದ ಮೇಲೆ ಊರವರ ಮನೆಬಾಗಿಲನ್ನು ಅತಿಥಿಗಳಿಗೆ ತೆರೆಯಿತು. ಕದ್ಮತ್‌ನಲ್ಲಿ ಅದನ್ನು ತಾಜ್ ರೆಸಾರ್ಟ್‌ಗೆ ಮೊದಲ ಅತಿಥಿ ಬರುವ ಮೊದಲೇ ಮಾಡಬಹುದು.