ರಾತ್ರಿ ಪಾಳಿಯ ಟೇಪುಗಳು: ಕಪ್ಪು ಪರದೆಯಲ್ಲಿ ಬ್ಯಾಕಪ್ ನಡೆಸುವುದು ಹೇಗೆ?



ಡೊಂಬಿವಲಿ, ಕಲ್ಯಾಣ್ ಕಡೆಯ ನಮ್ಮವರ ಮನೆಗಳಲ್ಲಿ ರಾತ್ರಿ ಪಾಳಿಗೆ ಹೋಗುವ ಮಕ್ಕಳು ಈಗ ಬೇಕಾದಷ್ಟು. ಊಟ ಮುಗಿಸಿ ಲೋಕಲ್ ಹಿಡಿದು ಥಾಣೆಗೆ ಬಂದು, ಅಲ್ಲಿ ಟ್ರಾನ್ಸ್ ಹಾರ್ಬರ್ ಗಾಡಿಗೆ ಬದಲಾಯಿಸಿ ಐರೋಲಿ, ರಬಾಳೆ, ಘನ್ಸೋಲಿಯಲ್ಲಿ ಇಳಿಯುತ್ತಾರೆ. "ಎಂಥ ಕೆಲಸ ಮಗಾ?" ಎಂದು ಊರಿನಿಂದ ಬಂದ ದೊಡ್ಡಮ್ಮ ಕೇಳಿದರೆ "ಬ್ಯಾಕಪ್ ಅಡ್ಮಿನ್" ಎಂಬ ಎರಡೇ ಮಾತಿನ ಉತ್ತರ. ಹಾಗೆಂದರೇನು ಎಂದು ಬಿಡಿಸಿ ಹೇಳಲು ಯಾರಿಗೂ ಪುರುಸೊತ್ತಿಲ್ಲ. ಈ ಸಲ ಅದನ್ನೇ ಹೇಳೋಣ. ಆ ಕೆಲಸದಲ್ಲೇ ಇರುವ ಕೇಳುಗರಿಗೂ ಇದರಲ್ಲಿ ಒಂದೆರಡು ಉಪಯೋಗದ ಮಾತುಗಳಿವೆ. (ಕಂಪ್ಯೂಟರ್ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಎಂದು ತಿಳಿದುಕೊಳ್ಳಿ.)

ಮೊದಲ ಪ್ರಶ್ನೆ: ಈ ಕಾಲದಲ್ಲೂ ಟೇಪಾ? ಹೌದು ಸ್ವಾಮಿ, ಟೇಪೇ. ಪೆನ್ಸಿಲ್ ತೂರಿಸಿ ತಿರುಗಿಸುತ್ತಿದ್ದ ನಮ್ಮ ಹಳೆಯ ಕ್ಯಾಸೆಟ್ಟಿನ ದಾಯಾದಿಯೇ ಇದು. ಒಂದು ಗಂಟೆಯ ಹಾಡಿನ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪ್ ಇರುತ್ತಿತ್ತು. ಇಂದು ಡೇಟಾ ಸೆಂಟರುಗಳಲ್ಲಿ ಓಡುವ ಎಲ್‌ಟಿಒ ಎಂಬ ಜಾತಿಯ ಒಂಬತ್ತನೇ ಪೀಳಿಗೆಯ ಕಾರ್ಟ್ರಿಜ್ ಅಂಗೈಯಲ್ಲಿ ಹಿಡಿಯುತ್ತದೆ, ಒಳಗಿರುವುದು ಒಂದು ಕಿಲೋಮೀಟರಿಗೂ ಮಿಕ್ಕಿದ ಟೇಪ್! 2000ದಲ್ಲಿ ಬಂದ ಮೊದಲ ಪೀಳಿಗೆಯದು 100 ಜಿಬಿ ಹಿಡಿಯುತ್ತಿತ್ತು, 2021ರ ಒಂಬತ್ತನೆಯದು 18 ಟಿಬಿ ಹಿಡಿಯುತ್ತದೆ. ಟೇಪಿನ ದೊಡ್ಡ ಗುಣ ಗಾತ್ರವೂ ಅಲ್ಲ, ಬೆಲೆಯೂ ಅಲ್ಲ. ಡ್ರೈವಿನಿಂದ ಹೊರತೆಗೆದು ಕಪಾಟಿನಲ್ಲಿಟ್ಟ ಮೇಲೆ ಅದನ್ನು ಯಾವ ವೈರಸ್ಸೂ ಮುಟ್ಟಲಾರದು, ಯಾವ ತಪ್ಪು ಆಜ್ಞೆಯೂ ಅಳಿಸಲಾರದು. 2011ರ ಫೆಬ್ರುವರಿ ಕೊನೆಗೆ ಜಿಮೇಲ್‌ನ ಒಂದು ಸಣ್ಣ ಪಾಲು ಬಳಕೆದಾರರ ಪೆಟ್ಟಿಗೆ ಬೆಳಗಾಗುವುದರೊಳಗೆ ಖಾಲಿಯಾಗಿತ್ತು. ಸಾಫ್ಟ್‌ವೇರ್ ದೋಷವೊಂದು ಬೇರೆ ಬೇರೆ ಕಡೆ ಇಟ್ಟಿದ್ದ ಪ್ರತಿಗಳನ್ನೂ ಕೆಡಿಸಿತ್ತು. ಗೂಗಲ್‌ನಂಥ ಗೂಗಲ್ ಕೊನೆಗೆ ಆ ಅಂಚೆಯನ್ನು ವಾಪಸ್ ತಂದದ್ದು ಟೇಪಿನಿಂದ.

ನಮ್ಮ ಕಡೆಯವರಿಗೆ ಇನ್ನೊಂದು ಕಾರಣ ಬೇರೆ ಹೇಳಬೇಕಿಲ್ಲ. 2005ರ ಜುಲೈ 26 ನೆನಪಿದೆಯಲ್ಲ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ, ಇತ್ತ ಕಲ್ಯಾಣ್ ಬದಿಯಲ್ಲಿ ಉಲ್ಹಾಸ್ ನದಿ ಉಕ್ಕಿ ನೆಲಮಹಡಿಗಳೆಲ್ಲ ನೀರಿನೊಳಗೆ. ಕಂಪ್ಯೂಟರೂ ಅದರ ಬ್ಯಾಕಪ್ಪೂ ಒಂದೇ ಕೋಣೆಯಲ್ಲಿದ್ದರೆ ಎರಡೂ ಒಟ್ಟಿಗೆ ಮುಳುಗುತ್ತವೆ. ಆದ್ದರಿಂದ ಟೇಪಿನ ಒಂದು ಪ್ರತಿ ಬೇರೆ ಕಟ್ಟಡಕ್ಕೆ, ಆದರೆ ಬೇರೆ ಊರಿಗೇ ಹೋಗಬೇಕು. ಹಾಗೆ ಓಡಾಡುವಾಗ ಮಳೆಗಾಲದಲ್ಲಿ ಒಂದು ಎಚ್ಚರ: ಹೊರಗಿನ ಸೆಕೆಯಿಂದ ಬಂದ ಟೇಪನ್ನು ನೇರವಾಗಿ ಎಸಿ ಕೋಣೆಯ ಡ್ರೈವಿಗೆ ತುರುಕಬೇಡಿ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ನೀರಹನಿ ಕೂರುವಂತೆ ತಾಪಮಾನ ಬದಲಾದಾಗ ಟೇಪಿನ ಮೇಲೂ ಪಸೆ ಕೂರಬಹುದು. ಒಂದು ದಿನ ಆ ಕೋಣೆಯಲ್ಲೇ ಸುಮ್ಮನಿಟ್ಟು ಆಮೇಲೆ ಹಾಕಿ.

ಇನ್ನು ಕಪ್ಪು ಪರದೆಯ ವಿಚಾರ. ಬ್ಯಾಕಪ್ ಸಾಫ್ಟ್‌ವೇರುಗಳಿಗೆಲ್ಲ ಚಂದದ ಬಣ್ಣದ ಕಿಟಕಿಗಳಿವೆ, ಮೌಸ್ ಒತ್ತಿದರೆ ಸಾಕು. ಆದರೂ ಪಳಗಿದ ಅಡ್ಮಿನ್‌ಗಳು ಕಮಾಂಡ್ ಲೈನಿನಲ್ಲೇ ಕೂರುತ್ತಾರೆ. ಇದು ಬರೀ ಶೋಕಿಯಲ್ಲ. ಮುನ್ನೂರು ಸರ್ವರ್‌ಗಳ ಸ್ಥಿತಿ ನೋಡಲು ಮುನ್ನೂರು ಸಲ ಕ್ಲಿಕ್ ಮಾಡುವ ಬದಲು ಒಂದು ಸಾಲು ಬರೆದರೆ ಆಯಿತು. ಆ ಸಾಲನ್ನೇ ಕ್ರಾನ್ ಎಂಬ ವೇಳಾಪಟ್ಟಿಗೆ ಹಾಕಿದರೆ ದಿನಾ ರಾತ್ರಿ 2ಕ್ಕೆ ತಾನೇ ಓಡುತ್ತದೆ. ಮನೆಯಿಂದ ನಿಧಾನದ ನೆಟ್ ಕನೆಕ್ಷನ್ನಿನಲ್ಲೂ ಕೆಲಸ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಏನು ಬರೆದೆವು, ಏನು ಉತ್ತರ ಬಂತು ಎಂಬುದು ಅಕ್ಷರದಲ್ಲಿ ಉಳಿಯುತ್ತದೆ. ಬೆಳಗಿನ ಪಾಳಿಯವರು ಬಂದು ಓದಬಹುದು.

ತೀರಾ ಮೂಲದಿಂದ ಶುರು ಮಾಡೋಣ. ಯುನಿಕ್ಸ್, ಲಿನಕ್ಸ್‌ಗಳಲ್ಲಿ "ಟಾರ್" ಎಂಬ ಆಜ್ಞೆ ಇದೆ. ಇವತ್ತು ಎಲ್ಲರೂ ಅದನ್ನು ಫೈಲುಗಳ ಗಂಟು ಕಟ್ಟಲು ಬಳಸುತ್ತಾರೆ. ಆದರೆ ಹೆಸರಿನ ಅರ್ಥವೇ ಟೇಪ್ ಆರ್ಕೈವ್, 1979ರ ಯುನಿಕ್ಸ್‌ನಿಂದಲೂ ಇದೆ. ಅದಕ್ಕೆ ಜೋಡಿ "ಎಂಟಿ", ಟೇಪನ್ನು ಹಿಂದೆ ಮುಂದೆ ಓಡಿಸುವ ಆಜ್ಞೆ. "ಎಂಟಿ ರಿವೈಂಡ್" ಎಂದರೆ ಶುರುವಿಗೆ ಸುತ್ತು, "ಎಂಟಿ ಎಫ್‌ಎಸ್‌ಎಫ್ 1" ಎಂದರೆ ಒಂದು ಗಂಟು ದಾಟಿ ಮುಂದೆ ಹೋಗು, "ಎಂಟಿ ಇಒಡಿ" ಎಂದರೆ ಬರೆದದ್ದರ ಕೊನೆಗೆ ಹೋಗಿ ನಿಲ್ಲು. ಟೇಪ್ ರೆಕಾರ್ಡರಿನ ಗುಂಡಿಗಳೇ ಅಕ್ಷರವಾಗಿವೆ ಅಷ್ಟೆ.

ಇಲ್ಲೊಂದು ಹೊಂಡ ಇದೆ. ಒಂದೇ ಟೇಪ್ ಡ್ರೈವಿಗೆ ಲಿನಕ್ಸ್ ಎರಡು ಹೆಸರು ಕೊಡುತ್ತದೆ: "ಎಸ್‌ಟಿ0" ಮತ್ತು "ಎನ್‌ಎಸ್‌ಟಿ0". ವ್ಯತ್ಯಾಸ ಒಂದೇ ಅಕ್ಷರ. ಮೊದಲ ಹೆಸರಿನಿಂದ ಕರೆದರೆ ಪ್ರತಿ ಕೆಲಸ ಮುಗಿದ ಕೂಡಲೇ ಟೇಪ್ ತಾನಾಗಿ ಶುರುವಿಗೆ ಸುತ್ತಿಕೊಳ್ಳುತ್ತದೆ. ಎರಡನೆಯದರಿಂದ ಕರೆದರೆ ಇದ್ದಲ್ಲೇ ನಿಲ್ಲುತ್ತದೆ. ಈಗ ಯೋಚಿಸಿ. ಸೋಮವಾರ ರಾತ್ರಿ ಲೆಕ್ಕಪತ್ರದ ಫೈಲುಗಳನ್ನು ಎಸ್‌ಟಿ0ಗೆ ಬರೆದಿರಿ. ಟೇಪ್ ಸುತ್ತಿಕೊಂಡಿತು. ಮಂಗಳವಾರ ಅದೇ ಟೇಪಿಗೆ ಸದಸ್ಯರ ಪಟ್ಟಿ ಬರೆದಿರಿ. ಅದು ಕುಳಿತದ್ದು ಸೋಮವಾರದ ತಲೆಯ ಮೇಲೆ! ಹಾಡಿನ ಕ್ಯಾಸೆಟ್ಟಿನಲ್ಲಾದರೆ ಹೊಸ ಹಾಡು ಮುಗಿದ ಮೇಲೆ ಹಳೆಯ ಹಾಡಿನ ಬಾಲವಾದರೂ ಕೇಳುತ್ತಿತ್ತು. ಇಲ್ಲಿ ಅದೂ ಇಲ್ಲ. ಹೊಸದು ಮುಗಿದಲ್ಲಿ "ಇಲ್ಲಿಗೆ ಮುಗಿಯಿತು" ಎಂಬ ಗುರುತು ಬೀಳುತ್ತದೆ, ಅದರಾಚೆ ಏನಿದ್ದರೂ ಡ್ರೈವ್ ಓದಲು ಒಪ್ಪುವುದಿಲ್ಲ. ಎರಡೂ ರಾತ್ರಿ ಕಂಪ್ಯೂಟರ್ ಹೇಳಿದ್ದು "ಯಶಸ್ವಿ" ಎಂದೇ. ಸುಳ್ಳೇನೂ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿತು.

ದೊಡ್ಡ ಕಂಪನಿಗಳಲ್ಲಿ ಹೀಗೆ ಕೈಯಾರೆ ಟೇಪ್ ಸುತ್ತುವುದಿಲ್ಲ. ಯಂತ್ರದ ಕೈ ಟೇಪನ್ನು ಕಪಾಟಿನಿಂದ ತೆಗೆದು ಡ್ರೈವಿಗೆ ಹಾಕುತ್ತದೆ, ಯಾವ ಫೈಲು ಯಾವ ಟೇಪಿನಲ್ಲಿ ಎಲ್ಲಿದೆ ಎಂದು ಸಾಫ್ಟ್‌ವೇರ್ ತನ್ನ ಕ್ಯಾಟಲಾಗಿನಲ್ಲಿ ಬರೆದಿಡುತ್ತದೆ. ಲೈಬ್ರರಿಯ ಕಾರ್ಡುಪೆಟ್ಟಿಗೆ ಇದ್ದಂತೆ. ಇಂಥವುಗಳಲ್ಲಿ ಹೆಸರಾದದ್ದು ನೆಟ್‌ಬ್ಯಾಕಪ್. ಅದನ್ನು ಮಾಡುತ್ತಿದ್ದ ವೆರಿಟಾಸ್‌ಗೆ ಪಕ್ಕದ ಪುಣೆಯಲ್ಲೇ ದೊಡ್ಡ ಕೇಂದ್ರವಿತ್ತು. 2005ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡಿತು, 2016ರಲ್ಲಿ ಮತ್ತೆ ಬೇರೆಯಾಯಿತು, 2024ರ ಕೊನೆಗೆ ಈ ವ್ಯವಹಾರ ಕೊಹೆಸಿಟಿಯ ಪಾಲಾಯಿತು. ಇಷ್ಟು ಮನೆ ಬದಲಾದರೂ ಅದರ ಆಜ್ಞೆಗಳು ಇನ್ನೂ "ಬಿಪಿ" ಎಂದೇ ಶುರುವಾಗುತ್ತವೆ. ತೊಂಬತ್ತರ ದಶಕದ ಅದರ ಹಳೆಯ ಹೆಸರು ಬ್ಯಾಕಪ್ ಪ್ಲಸ್. ಮದುವೆಯಾಗಿ ಮನೆ ಬದಲಾದರೂ ಮನೆತನದ ಹೆಸರು ಬಿಡದವರ ಹಾಗೆ!

ಅದರಲ್ಲಿ "ಬಿಪಿಡಿಬಿಜಾಬ್ಸ್" ಎಂದು ಬರೆದರೆ ರಾತ್ರಿಯ ಎಲ್ಲ ಕೆಲಸಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದು ಅಂಕಿ ಬರುತ್ತದೆ. 0 ಬಂದರೆ ಸರಿ. 96 ಬಂದರೆ ಬರೆಯಲು ಖಾಲಿ ಟೇಪ್ ಸಿಗಲಿಲ್ಲ ಎಂದರ್ಥ. 196 ಎಂದರೆ ಕೊಟ್ಟ ಸಮಯ ಮುಗಿಯಿತು, ಸರದಿ ಬರಲೇ ಇಲ್ಲ (ಕೊನೆಯ ಲೋಕಲ್ ತಪ್ಪಿದ ಹಾಗೆ). ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಅಪಾಯದ ಅಂಕಿ 1. ಅದರ ಅರ್ಥ "ಭಾಗಶಃ ಯಶಸ್ವಿ". ಯಾವುದೋ ಕೆಲವು ಫೈಲುಗಳನ್ನು ಓದಲಾಗಲಿಲ್ಲ, ಉಳಿದದ್ದು ಆಯಿತು. ದಿನಾ ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗಿ 1ನ್ನು ಯಾರೂ ತೆರೆದು ನೋಡುವುದಿಲ್ಲ. ಆ ಬಿಟ್ಟುಹೋದ ಒಂದು ಫೈಲು ಇಡೀ ಡೇಟಾಬೇಸೇ ಆಗಿರಬಹುದು.

ದುಡ್ಡು ಕೊಡದೆ ಕಲಿಯಬೇಕೆಂದರೆ ಬಾಕ್ಯುಲಾ ಇದೆ. ಕರ್ನ್ ಸಿಬ್ಬಾಲ್ಡ್ 2000ದಲ್ಲಿ ಶುರುಮಾಡಿದ ಮುಕ್ತ ತಂತ್ರಾಂಶ. "ಬಿಕನ್ಸೋಲ್" ಎಂದು ಬರೆದು ಒಳಹೊಕ್ಕರೆ ಸರಳ ಇಂಗ್ಲಿಷಿನಲ್ಲೇ ಮಾತಾಡಬಹುದು: "ಸ್ಟೇಟಸ್ ಡೈರೆಕ್ಟರ್", "ಲಿಸ್ಟ್ ಜಾಬ್ಸ್", "ಲಿಸ್ಟ್ ಮೀಡಿಯಾ", "ರನ್", "ರಿಸ್ಟೋರ್". ಇದರಲ್ಲಿ ಅಕ್ಕತಂಗಿಯರಂತೆ ಕಾಣುವ ಎರಡು ಆಜ್ಞೆಗಳ ಬಗ್ಗೆ ಹುಷಾರು. "ಪ್ರೂನ್" ಎಂಬುದು ಅವಧಿ ಮುಗಿದ ದಾಖಲೆಗಳನ್ನು ಮಾತ್ರ ಕ್ಯಾಟಲಾಗಿನಿಂದ ತೆಗೆಯುತ್ತದೆ. "ಪರ್ಜ್" ಅವಧಿಯನ್ನೇ ಲೆಕ್ಕಿಸುವುದಿಲ್ಲ. ನಿನ್ನೆಯದನ್ನೂ ತೆಗೆದುಹಾಕುತ್ತದೆ, ಟೇಪನ್ನು ಮರುಬಳಕೆಗೆ ಬಿಟ್ಟುಕೊಡುತ್ತದೆ. ಟೇಪಿನ ಮೇಲೆ ಇನ್ನೇನೂ ಬರೆಯದಿದ್ದರೆ "ಬಿಸ್ಕ್ಯಾನ್" ಎಂಬ ಸಾಧನದಿಂದ ಟೇಪನ್ನೇ ಓದಿ ಕ್ಯಾಟಲಾಗನ್ನು ಮತ್ತೆ ಕಟ್ಟಬಹುದು, ಆದರೆ ಗಂಟೆಗಟ್ಟಲೆ ಕೆಲಸ. ಹಾಗೆಯೇ ಕ್ಯಾಟಲಾಗಿಗೂ ಒಂದು ಬ್ಯಾಕಪ್ ಬೇಕು ಎಂಬುದನ್ನು ಮರೆಯಬೇಡಿ. ಎಷ್ಟೋ ಕಡೆ ಎಲ್ಲದರ ನಕಲು ಇರುತ್ತದೆ, ಕಾರ್ಡುಪೆಟ್ಟಿಗೆಯದು ಮಾತ್ರ ಇರುವುದಿಲ್ಲ.

2020ರ ಅಕ್ಟೋಬರ್ 12ರ ಬೆಳಿಗ್ಗೆ ಕಳ್ವಾ-ಪಡ್ಘಾ ನಡುವಿನ ವಿದ್ಯುತ್ ಮಾರ್ಗ ಕೈಕೊಟ್ಟು ಮುಂಬಯಿ, ಥಾಣೆ, ನವಿ ಮುಂಬಯಿ ಎಲ್ಲೆಲ್ಲೂ ಕರೆಂಟ್ ಹೋಗಿ ಲೋಕಲ್‌ಗಳು ನಿಂತಲ್ಲೇ ನಿಂತವು. ಜನರೇಟರ್ ಇರುವ ದೊಡ್ಡವರು ಬಚಾವ್. ಸಣ್ಣ ಆಫೀಸಿನಲ್ಲಿ ಟೇಪ್ ಬರೆಯುತ್ತಿರುವಾಗ ಹೀಗೆ ಕರೆಂಟ್ ಹೋದರೆ ಟೇಪಿನಲ್ಲಿ ಇರುವ ಗುರುತುಗಳ ಲೆಕ್ಕವೂ ಕ್ಯಾಟಲಾಗಿನ ಲೆಕ್ಕವೂ ತಾಳೆಯಾಗುವುದಿಲ್ಲ. ಆಗ ಬಾಕ್ಯುಲಾ ಆ ಟೇಪಿಗೆ "ಎರರ್" ಎಂದು ಮುದ್ರೆ ಒತ್ತಿ, ಮುಂದೆ ಬರೆಯಲು ನಿರಾಕರಿಸುತ್ತದೆ. ಟೇಪ್ ಹಾಳಾಯಿತೆಂದು ಎಸೆಯಬೇಡಿ. ಅದರಲ್ಲಿ ಮೊದಲೇ ಪೂರ್ತಿಯಾಗಿದ್ದ ಬ್ಯಾಕಪ್ಪುಗಳನ್ನು ಸಾಮಾನ್ಯವಾಗಿ ಓದಬಹುದು.

ಇಷ್ಟೆಲ್ಲ ಆದ ಮೇಲೂ ಒಂದು ಆಜ್ಞೆಯನ್ನು ಬಹಳ ಜನ ವರ್ಷಗಟ್ಟಲೆ ಬರೆಯುವುದೇ ಇಲ್ಲ: ರಿಸ್ಟೋರ್. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರ್ ಒಬ್ಬರು ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ ಡೇಟಾ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ದಿನನಿತ್ಯದ್ದು ಕೆಲಸವನ್ನೇ ಮಾಡುತ್ತಿರಲಿಲ್ಲ. ಅದು ಸೋತಿದೆ ಎಂದು ತಿಳಿಸಬೇಕಾದ ಇಮೇಲುಗಳೂ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಹಿಂದಿನ ಒಂದು ನಕಲು ಹೇಗೋ ಸಿಕ್ಕಿತು, ನಡುವಿನದು ಹೋಯಿತು. ಅಲ್ಲಿದ್ದದ್ದು ಟೇಪಲ್ಲ, ಆದರೆ ಟೇಪಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಹಳೆಯ ಟೇಪನ್ನು ಕಣ್ಣುಮುಚ್ಚಿ ಆರಿಸಿ, ಒಂದು ಫೋಲ್ಡರನ್ನು ಬೇರೆ ಜಾಗಕ್ಕೆ ಹೊರತೆಗೆದು, ಫೈಲು ತೆರೆದು ನೋಡಿ. ಮೂಲದ ಮೇಲೆಯೇ ಇಳಿಸಲು ಹೋಗಬೇಡಿ!

ಹಳೆಯ ಟೇಪ್ ಎಂದಾಗ ಇನ್ನೊಂದು ಮಾತು. ಎಲ್‌ಟಿಒ ಡ್ರೈವುಗಳು ಏಳನೇ ಪೀಳಿಗೆಯವರೆಗೆ ತಮ್ಮ ಹಿಂದಿನ ಎರಡು ಪೀಳಿಗೆಗಳನ್ನು ಓದುತ್ತಿದ್ದವು. ಎಂಟು, ಒಂಬತ್ತನೆಯವು ಹಿಂದಿನ ಒಂದನ್ನು ಮಾತ್ರ ಓದುತ್ತವೆ. 2005ರಲ್ಲಿ ಬಂದ ಮೂರನೇ ಪೀಳಿಗೆಯ ಟೇಪನ್ನು ಓದಲು ಐದನೆಯದೋ ಅದಕ್ಕಿಂತ ಹಳೆಯದೋ ಡ್ರೈವೇ ಬೇಕು. ಟೇಪ್ ಜೋಪಾನವಾಗಿಟ್ಟು ಡ್ರೈವನ್ನು ಗುಜರಿಗೆ ಹಾಕಿದವರಿದ್ದಾರೆ. ಟೇಪ್ ರೆಕಾರ್ಡರ್ ಇಲ್ಲದ ಮನೆಯಲ್ಲಿ ಯಕ್ಷಗಾನದ ಕ್ಯಾಸೆಟ್ಟುಗಳ ರಾಶಿ ಇದ್ದಂತೆ ಅದು.

ಈ ಕೆಲಸ ಕಲಿಯಬೇಕೆನ್ನುವ ಕಾಲೇಜಿನ ಹುಡುಗ ಹುಡುಗಿಯರಿಗೆ: ಲಕ್ಷಗಟ್ಟಲೆ ಬೆಲೆಯ ಡ್ರೈವ್ ಕೊಳ್ಳಬೇಕಿಲ್ಲ. "ಎಂಎಚ್‌ವಿಟಿಎಲ್" ಎಂಬ ಉಚಿತ ತಂತ್ರಾಂಶ ಲಿನಕ್ಸ್ ಕಂಪ್ಯೂಟರಿನೊಳಗೇ ಒಂದು ಟೇಪ್ ಲೈಬ್ರರಿ ಇದೆಯೆಂದು ನಂಬಿಸುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನೂ ಬಾಕ್ಯುಲಾವನ್ನೂ ಹಾಕಿ, ಎಸ್‌ಟಿ0ಗೆ ಎರಡು ಸಲ ಬರೆದು ಮೊದಲನೆಯದು ಮಾಯವಾಗುವುದನ್ನು ನೋಡಿ, ಬೇಕೆಂದೇ ಒಂದು ಟೇಪನ್ನು ಪರ್ಜ್ ಮಾಡಿ, ಬಿಸ್ಕ್ಯಾನ್‌ನಿಂದ ವಾಪಸ್ ಪಡೆಯಲು ಪ್ರಯತ್ನಿಸಿ. ಐರೋಲಿಯಲ್ಲೋ ಮಹಾಪೆಯಲ್ಲೋ ಇಂಟರ್‌ವ್ಯೂಗೆ ಕೂತಾಗ 96 ಎಂದರೇನು ಎಂದು ಕೇಳಿದರೆ ನಿಮಗೆ ಈಗಾಗಲೇ ಗೊತ್ತಿದೆ.